ಆಪರೇಷನ್‌ಗೆ ಇಟ್ಟ ದುಡ್ಡು

ಆ ವರ್ಷ ಕನ್ನಡಕದಂಗಡಿಯಲ್ಲಿ ಕನ್ನಡಕದ ಮಾತಿಗಿಂತ ಷೇರಿನ ಮಾತೇ ಹೆಚ್ಚಾಗಿತ್ತು. ಪಕ್ಕದ ಮೊಬೈಲ್ ಅಂಗಡಿಯವನು ಶಟರ್ ಎತ್ತಿದವನೇ ಇಲ್ಲಿ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ.

"ಇವತ್ತೂ ಮೇಲೆ ಹೋಗಿದೆ ಕಣಯ್ಯ. ನೀನು ಹೀಗೇ ಗಾಜು ಒರೆಸ್ಕೊಂಡು ಕೂತಿರು."

ಕನ್ನಡಕದವನಿಗೂ ಕೈ ತುರಿಸುತ್ತಿತ್ತು. ಆದರೆ ಅವನಲ್ಲಿದ್ದದ್ದು ಒಂದೇ ಗಂಟು. ಹೆಂಡತಿಯ ಸೊಂಟದ ಕೀಲು ಸವೆದಿತ್ತು. ವರ್ಷದೊಳಗೆ ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದ್ದರು. ಅದಕ್ಕೆಂದೇ ಬ್ಯಾಂಕಿನಲ್ಲಿಟ್ಟ ಹಣ ಅದು.

ಭಾನುವಾರ ಹೆಂಡತಿಯ ತಂಗಿ ಮನೆಗೆ ಬಂದಳು. ಅವಳಿಗೆ ಬ್ಯಾಂಕಿನಲ್ಲೇ ಕೆಲಸ. ಅವನು ಮೆಲ್ಲಗೆ ಆ ಹಣವನ್ನು ಷೇರಿಗೆ ಹಾಕುವ ವಿಷಯ ತೆಗೆದ.

"ಭಾವ, ಅದು ಅಕ್ಕನ ಆಪರೇಷನ್ ದುಡ್ಡು."

"ಅದಕ್ಕೇ ಹೇಳ್ತಿರೋದಮ್ಮ. ಆರು ತಿಂಗಳು ಬಿಟ್ರೆ ಇನ್ನೂ ಒಳ್ಳೆ ಆಸ್ಪತ್ರೇಲಿ ಮಾಡಿಸಬಹುದು."

"ಅಷ್ಟರಲ್ಲಿ ಇಳಿದ್ರೆ?"

"ಇಳಿದ್ರೂ ಮತ್ತೆ ಏರುತ್ತೆ."

"ಏರಬಹುದು. ಯಾವಾಗ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಟಿವೀಲಿ ಕೂತು ಮಾತಾಡೋರಿಗೂ ಗೊತ್ತಿಲ್ಲ. ಐದಾರು ವರ್ಷ ಮುಟ್ಟದೇ ಇರೋ ದುಡ್ಡಿದ್ರೆ ಹಾಕಿ, ನಾನು ಬೇಡ ಅನ್ನಲ್ಲ. ಅಕ್ಕನ ಸೊಂಟ ಅಲ್ಲೀವರೆಗೂ ಕಾಯುತ್ತಾ?"

"ನಿಮ್ಮ ಬ್ಯಾಂಕಿನವರಿಗೆ ಎಲ್ಲರ ದುಡ್ಡೂ ನಿಮ್ಮಲ್ಲೇ ಕೊಳೀಬೇಕು," ಎಂದು ಅವನು ನಕ್ಕ.

ಹೆಂಡತಿ ಬಾಗಿಲು ಹಿಡಿದು ನಿಂತಿದ್ದಳು. "ಬಿಡೇ, ಅವರು ನೋಡಿಯೇ ಮಾಡ್ತಾರೆ," ಎಂದಳು.

ಅವನು ಗಂಟನ್ನೆಲ್ಲ ತೆಗೆದು ಷೇರಿಗೆ ಹಾಕಿದ. ಷೇರುಪೇಟೆ ಏರಿತು. ಅವನು ಅಂಗಡಿಯಲ್ಲಿ ಎದೆಯುಬ್ಬಿಸಿ ಓಡಾಡಿದ. ಡಾಕ್ಟರು ಆಪರೇಷನ್‌ಗೆ ದಿನ ಕೊಟ್ಟಾಗ, "ಇನ್ನೊಂದಿಷ್ಟು ಏರಲಿ, ಆಮೇಲೆ ಮಾಡಿಸೋಣ," ಎಂದು ಮುಂದೂಡಿದ. ಹೆಂಡತಿ ಮಾತ್ರೆ ನುಂಗಿ ಅಡುಗೆ ಮಾಡಿದಳು.

ಆಮೇಲೆ ಪೇಟೆ ಜಾರಿತು. ನಾಳೆ ಚೇತರಿಸಿಕೊಳ್ಳುತ್ತದೆ ಎಂದು ಅವನು ಕಾದ. ಮತ್ತೂ ಜಾರಿತು. ಮೊಬೈಲ್ ಅಂಗಡಿಯವನು ಇತ್ತ ತಲೆ ಹಾಕುವುದನ್ನೇ ಬಿಟ್ಟ. ಅಂಥ ಹೊತ್ತಿನಲ್ಲೇ ಒಂದು ಬೆಳಿಗ್ಗೆ ಹೆಂಡತಿ ಬಚ್ಚಲಲ್ಲಿ ಬಿದ್ದಳು. ಇನ್ನು ತಡೆಯುವ ಹಾಗಿಲ್ಲ ಎಂದಿತು ಆಸ್ಪತ್ರೆ. ಅವನು ಸಿಕ್ಕಿದ ಬೆಲೆಗೆ ಎಲ್ಲವನ್ನೂ ಮಾರಿದ. ಅರ್ಧದಷ್ಟು ಕರಗಿಹೋಗಿತ್ತು. ಆಸ್ಪತ್ರೆಗೆ ಕಡಿಮೆ ಬಿದ್ದದ್ದನ್ನು ಹೆಂಡತಿಯ ತಂಗಿ ತುಂಬಿದಳು. ರಸೀದಿಯನ್ನು ಅವನ ಕೈಗಿತ್ತು ಅಕ್ಕನ ಹತ್ತಿರ ಹೋಗಿ ಕೂತಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಆಪರೇಷನ್ ಆಯಿತು. "ತುಂಬಾ ತಡ ಮಾಡಿದ್ರಿ. ಕುಂಟು ಪೂರ್ತಿ ಹೋಗೋದಿಲ್ಲ," ಎಂದರು ಡಾಕ್ಟರು.

ಮರುವರ್ಷ ಪೇಟೆ ಮತ್ತೆ ಏರಿತು. ಮೊದಲಿಗಿಂತ ಮೇಲಕ್ಕೇ ಹೋಯಿತು. ಮೊಬೈಲ್ ಅಂಗಡಿಯವನು ಬಂದು ಸ್ಟೂಲ್ ಎಳೆದುಕೊಂಡ.

"ಮತ್ತೆ ಏರುತ್ತೆ ಅಂತ ನಾನು ಹೇಳಿರಲಿಲ್ವಾ?"

"ನೀನು ಹೇಳಿದ್ದೆ," ಎಂದ ಕನ್ನಡಕದವನು. "ನಾನೂ ಅದನ್ನೇ ಹೇಳಿದ್ದೆ."

ರಾತ್ರಿ ಊಟಕ್ಕೆ ಕೂತಾಗ ಟಿವಿಯಲ್ಲೂ ಅದೇ ಸುದ್ದಿ. ಹೆಂಡತಿ ಗೋಡೆ ಹಿಡಿದು ಕುಂಟುತ್ತ ಬಂದು ಅವನ ತಟ್ಟೆಗೆ ಬಡಿಸಿದಳು.

"ನಿಮ್ಮ ಲೆಕ್ಕ ಸರಿಯಾಗೇ ಇತ್ತಲ್ಲ," ಎಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅವನು ಎದ್ದು ಟಿವಿ ಆರಿಸಿದ.

ಈಗ ಆ ಮನೆಯಲ್ಲಿ ಔಷಧಿಯ ಹಣ, ಮಗಳ ಕಾಲೇಜಿನ ಹಣ ಬ್ಯಾಂಕ್ ಬಿಟ್ಟು ಕದಲುವುದಿಲ್ಲ. ಅದನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈ ಏರಿಕೆ ನಿಲ್ಲುತ್ತದೋ ಇಲ್ಲವೋ ಎಂದು ನಿಮ್ಮ ಬೀದಿಯಲ್ಲೂ ವಾದ ನಡೆಯುತ್ತಿರಬಹುದು. ಆ ವಾದದಲ್ಲಿ ನೀವೇ ಗೆದ್ದರೂ ಗೆಲ್ಲಬಹುದು, ಈ ಮನುಷ್ಯನೂ ಗೆದ್ದಿದ್ದ. ಷೇರಿಗೆ ಕೈ ಹಾಕುವ ಮುನ್ನ ಮನೆಯವರನ್ನು ಕೂರಿಸಿಕೊಂಡು ಒಂದೇ ಮಾತು ಕೇಳಿ: ಈ ದುಡ್ಡು ನಮಗೆ ಯಾವಾಗ ಬೇಕು? ಬೇಗ ಬೇಕಾದದ್ದಾದರೆ ದಯವಿಟ್ಟು ಅದನ್ನು ಮುಟ್ಟಬೇಡಿ.