ತಡವಾದ ದಿನಕ್ಕೆ ನೂರು

“ನಿಮ್ಮ ಅಡ್ವಾನ್ಸಿನಾಗ ಉಳಿದಿದ್ದು ನಾಕು ಸಾವಿರದ ಎಂಟ್ನೂರು ನೋಡಮ್ಮ,” ಎಂದು ಮನೆ ಮಾಲೀಕ ಮರುಳಸಿದ್ದಪ್ಪ ಡೈರಿ ಮುಚ್ಚಿದರು.

ಮನೆ ಖಾಲಿ ಮಾಡಿ ಹೊರಟಿದ್ದ ಸುಮಲತಾ ಅಡ್ವಾನ್ಸು ವಾಪಸು ಕೇಳಲು ಬಂದಿದ್ದಳು. ಸಂಡೂರಿನ ಈ ಬಾಡಿಗೆ ಮನೆಗೆ ಬಂದಾಗ ಕೊಟ್ಟದ್ದು ಮೂವತ್ತು ಸಾವಿರ. ಆ ದುಡ್ಡನ್ನು ನಂಬಿಯೇ ಮಗಳು ಅಂಜಲಿಗೆ ನರ್ಸಿಂಗ್ ಸೀಟು ಹಿಡಿದಿದ್ದರು. ಸೋಮವಾರದೊಳಗೆ ಫೀಸು ಕಟ್ಟದಿದ್ದರೆ ಸೀಟು ಹೋಗುತ್ತಿತ್ತು.

ಬಾಡಿಗೆ ಐದನೇ ತಾರೀಕಿಗೆ ಕೊಡಬೇಕು. ಗಂಡ ಮಾರುತೇಶನಿಗೆ ಫ್ಯಾಕ್ಟರಿಯ ಕಂಟ್ರಾಕ್ಟರು ಪಗಾರ ಕೊಡುತ್ತಿದ್ದುದು ಹನ್ನೆರಡಕ್ಕೆ. ತಡವಾದ ದಿನಕ್ಕೆ ನೂರು ರೂಪಾಯಿ ದಂಡದಂತೆ ತಿಂಗಳಿಗೆ ಏಳುನೂರು, ಹೀಗೆ ಮೂರು ವರ್ಷ. ಮಾಲೀಕರು ಒಮ್ಮೆಯೂ ಬಾಯಿಬಿಟ್ಟು ಕೇಳಿರಲಿಲ್ಲ. “ಪಗಾರ ಆದಾಗ ಕೊಡ್ರಿ, ಅದಕ್ಕೇನು,” ಎಂದು ನಕ್ಕು, ಒಳಗೆ ಹೋಗಿ ಬರೆದುಕೊಳ್ಳುತ್ತಿದ್ದರು. ದೊಡ್ಡ ಮನಸ್ಸಿನವರೆಂದು ಇವಳು ಓಣಿಯಲ್ಲೆಲ್ಲ ಹೊಗಳಿಕೊಂಡು ಬಂದಿದ್ದಳು. ಎಂಥ ದಡ್ಡತನ! ಹೋದ ವಾರ ಮಗಳು ಕರಾರು ಪತ್ರ ಓದಿ ಹೇಳಿದ ಮೇಲೆಯೇ ಭಯ ಹತ್ತಿದ್ದು.

“ವಕೀಲ್ ಮೇಡಂನ ಕೇಳೀನ್ರಿ. ಪತ್ರದಾಗ ಎಷ್ಟ ಬರದಿದ್ರೂ ನಿಮಗ ಆದ ನಷ್ಟಕ್ಕ ತಕ್ಕಷ್ಟ ತಗೋಬೇಕಂತ. ಮನಸಿಗೆ ಬಂದಂಗ ದಂಡ ಹಾಕಂಗಿಲ್ಲಂತ.”

“ಖರೇ ಇರಬೌದು. ಕೋರ್ಟಿಗೆ ಹೋಗ್ರಿ. ಸೋಮವಾರದೊಳಗ ಕೊಡಸ್ತಾರೇನು?” ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. “ಹೋಗ್ಲಿ, ಹತ್ತು ಸಾವಿರ ಕೊಡ್ತೀನಿ. ಲೆಕ್ಕ ಚುಕ್ತಾ ಅಂತ ಸೈನ್ ಮಾಡ್ರಿ.”

ಹೊರಗೆ ಸಾಮಾನು ಹೇರಿಕೊಂಡು ನಿಂತಿದ್ದ ಟೆಂಪೋದವನು ಹಾರ್ನ್ ಹೊಡೆದ. ಕಿವಿಯೋಲೆ ಅಡವಿಟ್ಟರೆ ಉಳಿದದ್ದು ಹೇಗೋ ಹೊಂದೀತು ಎಂದುಕೊಂಡು ಸುಮಲತಾ ಸಹಿ ಮಾಡಿ, ಮನೆಯ ಬೀಗದ ಕೈ ಕೊಟ್ಟಳು.

ಮರುಳಸಿದ್ದಪ್ಪ ಬೀರು ತೆರೆದರು. ಅಷ್ಟರಲ್ಲಿ ಅವರ ಹೆಂಡತಿ ಕೊಟ್ರಮ್ಮ ದೇವರ ಮುಂದೆ ದೀಪ ಹಚ್ಚಿ ಬಂದರು. “ಇವತ್ತು ಶುಕ್ರವಾರ ಅಲ್ರಿ? ದೀಪ ಹಚ್ಚಿದ ಮ್ಯಾಲ ಲಕ್ಷ್ಮೀನ ಹೊರಗ ಕಳಸಬ್ಯಾಡ್ರಿ.”

ಬೀರು ಮುಚ್ಚಿತು. “ನಾಳೆ ಬರ್ರಿ,” ಎಂದರು ಮರುಳಸಿದ್ದಪ್ಪ.

ಸುಮಲತಾ ಹೊರಟಳು. ಅವಳ ಮನೆಯಲ್ಲೂ ಅದೇ ಪದ್ಧತಿ. ಆದರೂ ಬಾಗಿಲವರೆಗೆ ಹೋಗಿ ತಿರುಗಿದಳು.

“ಒಂದಿನ ತಡ ಆದ್ರ ನೂರು ರೂಪಾಯಿ ಅಲ್ರಿ?”

ಗಂಡ ಹೆಂಡತಿ ಇಬ್ಬರೂ ಜೋರಾಗಿ ನಕ್ಕರು. ನಗುತ್ತಲೇ ಕೊಟ್ರಮ್ಮ ಅವಳ ಹಣೆಗೆ ಅರಿಶಿನ ಕುಂಕುಮ ಹಚ್ಚಿ ಕಳಿಸಿದರು.

ಟೆಂಪೋದಲ್ಲಿ ಹಾಸಿಗೆ ಸುರುಳಿಯ ಮೇಲೆ ಕೂತಿದ್ದ ಅಂಜಲಿ, ಅವ್ವನ ಹಣೆಯ ಕುಂಕುಮ ಕಂಡು, ಎಲ್ಲ ಸರಿಹೋಯಿತೆಂದು ನಕ್ಕು, ಪಕ್ಕಕ್ಕೆ ಸರಿದು ಜಾಗ ಮಾಡಿದಳು.