ಮೊದಲ ಬಹುಮಾನ ಪಡೆದ ಸಾಲು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ‘ಆಗ ಕಂಪ್ಯೂಟರ್ ಎಂದರೆ ಒಂದು ಕೋಣೆಯಷ್ಟು’ ಎಂದು ಬರೆದೆ, ಅಳಿಸಿದೆ. ಮ್ಯೂಸಿಯಂ ಗೈಡ್ ಮಾತಾಡಿದ ಹಾಗಿತ್ತು. ‘ನಾನು ಕೆಟ್ಟವಳಲ್ಲ’ ಎಂದು ಬರೆದೆ. ಅದನ್ನೂ ಅಳಿಸಿದೆ. ಹಾಗೆ ಶುರು ಮಾಡುವವರನ್ನು ನಾನೇ ನಂಬುವುದಿಲ್ಲ.

೨

ಸರಿ, ಸುತ್ತಿ ಬಳಸದೆ ಹೇಳುತ್ತೇನೆ. ನಮ್ಮ ಸಂಶೋಧನಾ ಕೇಂದ್ರದ ನೆಟ್‌ವರ್ಕಿನಲ್ಲಿ ಯಾರದಾದರೂ ಹೆಸರು ಟೈಪ್ ಮಾಡಿದರೆ, ಅವರು ಸೀಟಿನಲ್ಲಿದ್ದಾರೋ ಇಲ್ಲವೋ ತಿಳಿಯುತ್ತಿತ್ತು. ಅದರ ಕೆಳಗೆ ಅವರೇ ಬರೆದಿಟ್ಟ ಒಂದೆರಡು ಸಾಲು. ಆಫೀಸಿನವರು ಈ ಸೌಕರ್ಯ ಕೊಟ್ಟಿದ್ದು ‘ಮೀಟಿಂಗ್‌ನಲ್ಲಿದ್ದೇನೆ’ ಎಂದು ಬರೆಯುವುದಕ್ಕೆ. ನಾವು ಬಿಡುತ್ತೇವೆಯೇ! ‘ಸೀಟಿನಲ್ಲಿಲ್ಲ. ಇದ್ದಾಗಲೂ ಇರುವುದಿಲ್ಲ ಎನ್ನುತ್ತಾಳೆ ಹೆಂಡತಿ’ ಎಂದು ಗಣಿತ ವಿಭಾಗದವನು ಬರೆದ. ‘ದೇವರು ಇದ್ದಿದ್ದರೆ ಪ್ರಿಂಟರ್ ಇರುತ್ತಿತ್ತೇ?’ ಎಂದು ರಿಪೇರಿಯವನು. ಪ್ರತಿ ಶುಕ್ರವಾರ ಒಳ್ಳೆಯ ಸಾಲಿಗೆ ಬಹುಮಾನ ಘೋಷಿಸುತ್ತಿದ್ದವಳು ನಾನು. (ತೀರ್ಪು ಕೊಡು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ.)

೩

ಟೇಪಕ್ಕ ಮಾತ್ರ ಏನೂ ಬರೆಯುತ್ತಿರಲಿಲ್ಲ. ಆಗ ಕಂಪ್ಯೂಟರಿನ ಮಾಹಿತಿಯೆಲ್ಲ ಟೇಪುಗಳಲ್ಲಿರುತ್ತಿತ್ತು; ಕಪಾಟಿನಿಂದ ಟೇಪು ತೆಗೆದು ಮೆಷಿನ್ನಿಗೆ ಹಾಕುವುದು ಅವರ ಕೆಲಸ. ಹದಿನೆಂಟು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ. ಒಂದು ಬುಧವಾರ ಅವರ ಹೆಸರಿನ ಕೆಳಗೆ ಹೀಗಿತ್ತು: ‘ಅಕ್ಷರಗಳು ಒಂದೊಂದಾಗಿ ನನ್ನನ್ನು ಬಿಟ್ಟು ಹೋಗುತ್ತಿವೆ. ಯಾರಾದರೂ ಪಕ್ಕದಲ್ಲಿ ಕೂತು ಓದಿ ಹೇಳಿ.’

ಎಂಥ ಕವಿತೆ ಎಂದು ಕುಣಿದಾಡಿಬಿಟ್ಟೆವು. ‘ನನ್ನನ್ನು ಅಂಕಿಗಳೂ ಬಿಟ್ಟು ಹೋದವು’ ಎಂದು ಗಣಿತದವನು ತನ್ನ ಸಾಲು ಬದಲಿಸಿದ. ನಾನು ಎರಡು ಪ್ಯಾರಾ ವ್ಯಾಖ್ಯಾನ ಬರೆದು ಮೊದಲ ಬಹುಮಾನ ಕೊಟ್ಟೆ. ಶುಕ್ರವಾರ ಟೇಪಕ್ಕ ಅದರ ಪ್ರಿಂಟ್ ಹಿಡಿದು ನನ್ನ ಟೇಬಲ್ಲಿಗೆ ಬಂದರು.

“ಏನಂತ ಬರ್ದಿದೀಯೇ? ಸ್ವಲ್ಪ ಓದಿ ಹೇಳೇ.”

“ಅಯ್ಯೋ ಅಕ್ಕಾ, ಹೊಗಳಿಕೆನ ನನ್ ಬಾಯಿಂದ್ಲೇ ಕೇಳ್ಬೇಕಾ? ನೀವೇ ಓದ್ಕೊಳ್ಳಿ!”

ಅವರು ನಕ್ಕರು. ಕಾಗದ ಮಡಚಿಕೊಂಡು ಹೋದರು.

೪

ಸೋಮವಾರ ಅವರು ತಪ್ಪು ಟೇಪು ಹಾಕಿದರು. ಅದರ ಮೇಲೆ ಬೇರೆ ಮಾಹಿತಿ ಬರೆದುಕೊಂಡು ಐದು ತಿಂಗಳ ಸಂಶೋಧನೆ ಅಳಿಸಿಹೋಯಿತು. ನಿರ್ದೇಶಕರು ನಮ್ಮ ಹಾಲಿಗೇ ಬಂದು, ಎಲ್ಲರ ಎದುರಿಗೆ ಟೇಪಕ್ಕನನ್ನು ಕೇಳಿದರು.

“ಕಣ್ಣು ಮಂಜಾಗಿದೆ ಸಾರ್. ಲೇಬಲ್ ಕಾಣಿಸ್ಲಿಲ್ಲ.”

“ಮೊದ್ಲೇ ಯಾರಿಗಾದ್ರೂ ಹೇಳ್ಬಾರ್ದಿತ್ತೇನ್ರೀ?”

“ಹೇಳಿದ್ದೆ ಸಾರ್.”

ನಿರ್ದೇಶಕರು ನಮ್ಮ ಕಡೆ ತಿರುಗಿದರು. ನಾನು ಪರದೆ ನೋಡುತ್ತ ಕೂತೆ. ಬಾಯಿಬಿಟ್ಟು ಹೇಳಿದರೆ ಕೆಲಸ ಹೋಗುತ್ತದೆಂದು ಹೆದರಿದ ಆ ಹೆಂಗಸು, ನಮಗೆ ಮಾತ್ರ ಅರ್ಥವಾಗಲಿ ಎಂದು ನಮ್ಮ ಆಟದ ಜಾಗದಲ್ಲೇ ಬರೆದಿದ್ದರು. ಅಂದೇ ಅವರ ಕೆಲಸ ಹೋಯಿತು. ನೆನೆದರೆ ಈಗಲೂ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ.

೫

ಬೇರೆ ಮುಕ್ತಾಯಗಳು ಬೇಕೇ? ತಗೊಳ್ಳಿ.

(ಅ) ನಾನು ಎದ್ದು ನಿಂತು, “ಹೌದು ಸಾರ್, ನಮಗೆ ಹೇಳಿದ್ರು” ಎನ್ನುತ್ತೇನೆ.

“ಸುಳ್ಳು ಬರೀಬೇಡ ಕಣೇ,” ಎನ್ನುತ್ತಾರೆ ಟೇಪಕ್ಕ, ನನ್ನ ಕಥೆಯೊಳಗೇ ಕೂತು. “ನೀನು ಏಳ್ಲಿಲ್ಲ.”

(ಆ) ಆಪರೇಷನ್ ಆಗಿ ಅವರಿಗೆ ಕಣ್ಣು ಬರುತ್ತದೆ.

“ಬರ್ಲಿಲ್ಲ ಕಣೇ.”

(ಇ) ಕೊನೆಗೆ ಅವರು ನನ್ನನ್ನು ಕ್ಷಮಿಸುತ್ತಾರೆ.

“ಅದನ್ನ ನೀನು ಬರ್ಕೊಂಡ್ರೆ ಆಯ್ತಾ? ನನ್ನ ಕೇಳ್ಬೇಡ್ವಾ?”

ಪಾತ್ರದ ಹತ್ತಿರ ಬೈಸಿಕೊಳ್ಳುವ ಲೇಖಕಿಗೆ ನೀವೇನು ಗೌರವ ಕೊಡುತ್ತೀರಿ, ಬಿಡಿ.

೬

ಟೇಪಕ್ಕನ ನಂಬರ್ ಎರಡು ವರ್ಷದಿಂದ ನನ್ನ ಹತ್ತಿರ ಇದೆ. ಗಣಿತದವನು ಕೊಟ್ಟಿದ್ದು. ಫೋನ್ ಮಾಡುವ ಬದಲು ಕಥೆ ಬರೆಯುತ್ತ ಕೂತಿದ್ದೆ. ಇದು ಹನ್ನೊಂದನೆಯ ಕರಡು. ಈಗಷ್ಟೇ ಬರೆಯುವುದನ್ನು ನಿಲ್ಲಿಸಿ ನಂಬರ್ ಒತ್ತಿದೆ. ಅವರ ಮಗಳು ಫೋನ್ ಎತ್ತಿದಳು.

“ಅಮ್ಮ ಇಲ್ಲೇ ಕೂತಿದಾರೆ, ಕೊಡ್ತೀನಿ ಇರಿ. ಯಾರು ಅಂತ ಹೇಳ್ಲಿ?”

ಗೆಳತಿ ಎನ್ನಲೇ? ಹಳೆಯ ಸಹೋದ್ಯೋಗಿ ಎನ್ನಲೇ? ಓದುಗರೇ, ನೀವೇ ಹೇಳಿ.

“ಹಲೋ? ಲೈನಲ್ಲಿದೀರಾ? ಯಾರು ಅಂತ ಹೇಳ್ಲಿ ಅಮ್ಮಂಗೆ?”