ಕೂಸನ್ನೆತ್ತಲಾರದ ಕೈ

"ಆಧಾರ ಎಲ್ಲೈತಿ ಹೇಳ್ರಿ ಅತ್ತಿ," ಎಂದ ಸೋಮಲಿಂಗ. ಡೊಳ್ಳು ನಿಂತು ಆಗಲೇ ಬಹಳ ಹೊತ್ತಾಗಿತ್ತು.

ಕಮತಗಿಯ ಬೀರಪ್ಪನ ಗುಡಿಯ ಮುಂದೆ ತಗಡಿನ ಚಪ್ಪರ. ಅದರ ಕೆಳಗೆ ಮಧ್ಯಾಹ್ನದ ಕಾವಿನಲ್ಲಿ ಎರಡು ಮೇಳಗಳು ಎದುರುಬದುರು ನಿಂತಿದ್ದವು. ಈ ಕಡೆ ಸಾವಂತ್ರವ್ವನ ಹೆಣ್ಣುಮಕ್ಕಳ ಮೇಳ, ಆ ಕಡೆ ಇಳಕಲ್ಲಿನ ಸೋಮಲಿಂಗನದು. ಡೊಳ್ಳಿನ ಪದದ ಸವಾಲೆಂದರೆ ಒಬ್ಬರು ಹಾಡಿನಲ್ಲಿ ಪ್ರಶ್ನೆ ಕೇಳಬೇಕು, ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಡಬೇಕು. ಉತ್ತರ ಹೊಳೆಯದವರು ಆಧಾರ ಕೇಳಬಹುದು. ಆಗ ಸವಾಲು ಹಾಕಿದವರು, ಇದು ಇಂಥ ಪುರಾಣದಲ್ಲಿದೆ ಎಂದು ಪುಸ್ತಕ ಬಿಚ್ಚಿ ತೋರಿಸಬೇಕು. ತೋರಿಸಲಾಗದಿದ್ದರೆ ಡೊಳ್ಳನ್ನು ಹೆಗಲಿನಿಂದ ಇಳಿಸಿ ನೆಲಕ್ಕಿಡಬೇಕು. ಹಾಗೆ ಇಳಿಸಿದ ಮೇಳ ಮೂರು ವರ್ಷ ಆ ಗುಡಿಯ ಮುಂದೆ ಹಾಡುವಂತಿಲ್ಲ. ಸಾವಂತ್ರವ್ವನಿಗೆ ಅರವತ್ತೊಂಬತ್ತು ದಾಟಿತ್ತು. ಮೂರು ವರ್ಷವೆಂದರೆ ಆಕೆಗೆ ಎಷ್ಟೆಂಬುದು ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು.

ಆಕೆ ಹಾಕಿದ ಸವಾಲು ಇದು:

ಊರ ಹೊತ್ತ ಕೈಯಿ, ಹೊಳಿಯ ತಡೆದ ಕೈಯಿ
ತನ್ನ ಕೂಸ ಎತ್ತಲಾರದೆ ಹೋತ್ಯಾಕ
ಬಲ್ಲವರ ಮಗನ, ಬಿಡಿಸಿ ಹೇಳ

ಸೋಮಲಿಂಗನ ಕಡೆಯವರು ಕೆಂಪು ವಸ್ತ್ರದ ಗಂಟು ಬಿಚ್ಚಿ ಇದ್ದಬದ್ದ ಪುಸ್ತಕವನ್ನೆಲ್ಲ ತಿರುವಿದರು. ಭಾರತ ಮುಗಿಯಿತು, ರಾಮಾಯಣ ಮುಗಿಯಿತು, ಹಾಲುಮತದ ಪುರಾಣವೂ ಮುಗಿಯಿತು. ಅಂಥ ಕೈ ಯಾವುದರಲ್ಲೂ ಸಿಗಲಿಲ್ಲ.

ಸಿಗುವುದಾದರೂ ಹೇಗೆ. ಹದಿನೈದು ದಿನದ ಹಿಂದೆ ಸಾವಂತ್ರವ್ವನ ಮೊಮ್ಮಗಳು ರಾಜಶ್ರೀ ವಿದ್ಯಾಗಿರಿಯ ಕಾಲೇಜಿನಿಂದ ಬಂದವಳೇ ಚೀಲ ಬಿಸಾಕಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎಂ.ಎ. ಪ್ರಬಂಧಕ್ಕೆ ಆಕೆ ಆರಿಸಿಕೊಂಡದ್ದು ಸೂಪರ್‌ಹೀರೋಗಳ ಸಿನೆಮಾ, ಬೇರೆ ಗ್ರಹ, ಬೇರೆ ಕಾಲಗಳ ಸಿನೆಮಾ. ಇವು ಹುಡುಗರು ಶೇಂಗಾ ತಿನ್ನುತ್ತ ನೋಡುವಂಥವು, ಬೇರೆ ವಿಷಯ ತೆಗೆದುಕೊಂಡು ಬಾ ಎಂದು ಆಕೆಯ ಗುರುಗಳು ಕಾಗದ ತಿರುಗಿಸಿ ಕೊಟ್ಟಿದ್ದರು.

"ಅವರು ನೋಡ್ಯಾರೇನು?" ಎಂದು ಸಾವಂತ್ರವ್ವ ಕೇಳಿದಳು.

"ಒಂದೂ ನೋಡಿಲ್ಲಂತ. ನೋಡೂವಂಥಾವಲ್ಲ ಅಂದ್ರು."

"ನೋಡಲಾರದ ಅದ್ಹೆಂಗ ಗೊತ್ತಾತು?"

"ನನಗೇನ ಕೇಳ್ತೀ ಆಯಿ."

"ಏಳು. ನಾ ನೋಡ್ತೇನಿ ನಡಿ."

ಹೀಗೆ ಸಾವಂತ್ರವ್ವ ಬಾಗಲಕೋಟೆಗೆ ಹೋಗಿ, ಟಾಕೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಳಗೆ ಹೋದಳು. ಸಿನೆಮಾ ಹಿಂದಿಯಲ್ಲಿತ್ತು. ರಾಜಶ್ರೀ ಕಿವಿಯಲ್ಲಿ ಅರ್ಥ ಹೇಳುತ್ತ ಹೋದಳು. ಹಿಂದಿನ ಸಾಲಿನವನೊಬ್ಬ, "ಆ ಅಜ್ಜಿನ್ನ ಸುಮ್ನ ಕುಂಡ್ರಸ್ರಿ," ಎಂದ. "ನಾ ಸುಮ್ನ ಅದೀನೋ ತಮ್ಮಾ, ಇಕಿ ಮಾತಾಡಾಕತ್ತಾಳ," ಎಂದಳು ಅಜ್ಜಿ. ಕತೆಯಲ್ಲಿ ಕ್ರೇನು ನಡೆಸುವವನೊಬ್ಬನ ಕೈಗೆ ಯಾವುದೋ ನಕ್ಷತ್ರದ ಬೆಳಕು ತಗಲುತ್ತದೆ. ಒಂದು ಜೀವ ಉಳಿಸಿದಷ್ಟೂ ಆ ಕೈಯ ಬಲ ಇಮ್ಮಡಿಯಾಗುತ್ತದೆ. ಒಡೆದ ಆಣೆಕಟ್ಟಿನ ನೀರನ್ನು ಅಂಗೈಯಿಂದ ತಡೆಯುತ್ತಾನೆ, ಮುಳುಗುವ ಊರನ್ನು ಎತ್ತಿ ಗುಡ್ಡದ ಮೇಲಿಡುತ್ತಾನೆ. ಊರು ಜೈಕಾರ ಹಾಕುತ್ತದೆ. ಅವನು ಮನೆಗೆ ಬರುತ್ತಾನೆ. ಮನೆಯಲ್ಲಿ ಹೆಂಡತಿ ಹಡೆದಿದ್ದಾಳೆ. ತೊಟ್ಟಿಲ ಮುಂದೆ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಡುತ್ತಾನೆ.

ಸಿನೆಮಾ ಮುಗಿದು ಜನ ಎದ್ದರೂ ಸಾವಂತ್ರವ್ವ ಏಳಲಿಲ್ಲ. ಮಂಗಳ ಹಾಡದೆ ಏಳಬಾರದೆಂದು ಕೂತೇ ಇದ್ದಳು. ಕಸಬರಿಗೆ ಹಿಡಿದು ಬಂದವರೇ ಎಬ್ಬಿಸಬೇಕಾಯಿತು. ತಿರುಗಿ ಬರುವಾಗ ಬಸ್ಸು ಶಿರೂರು ದಾಟುವಷ್ಟರಲ್ಲಿ ಆಕೆಯ ಬೆರಳು ಮುಂದಿನ ಸೀಟಿನ ಕಬ್ಬಿಣದ ಮೇಲೆ ತಾಳ ಹಾಕತೊಡಗಿತ್ತು.

ಈಗ ಆಕೆ ಸೋಮಲಿಂಗನತ್ತ ನೋಡಿದಳು. "ಆಧಾರ ಬಾಗಲಕೋಟಿ ಟಾಕೀಸಿನ್ಯಾಗ ಐತಿ. ಹೋಗಿ ಟಿಕೀಟ ತಗಸು."

ಚಪ್ಪರದ ತುಂಬ ನಗೆ ಎದ್ದಿತು. ಸೋಮಲಿಂಗ ನಗು ಮುಗಿಯುವ ತನಕ ತಡೆದ. "ಬೀರಪ್ಪನ ಮುಂದ ಸಿನೆಮಾ ಹಾಡ್ತೀರೇನ್ರಿ ಅತ್ತಿ? ನಾಳೆ ಟೀವಿಯಾಗಿನ ಧಾರಾವಾಹಿನೂ ತರ್ತೀರಿ."

"ತಂದ್ರೇನಾತು. ಅದರ ಉತ್ತರಾ ನಿನ್ನ ಹೇಣ್ತಿಗೆ ಗೊತ್ತಿರತೈತಿ, ಆಕೀನ್ನ ಕಳಸು."

ಈ ಸಲ ನಕ್ಕವರು ಹೆಂಗಸರು. ತೀರ್ಪು ಹೇಳುವ ಪಂಚರಾಗಿ ಕುರ್ಚಿಯ ಮೇಲೆ ಕೂತಿದ್ದ ಅಂದಪ್ಪ ಮಾಸ್ತರರು ಕೈಯೆತ್ತಿದರು. ನೌಕರಿಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರು ಕೈಯೆತ್ತಿದರೆ ಜನ ಇನ್ನೂ ಸುಮ್ಮನಾಗುತ್ತಿದ್ದರು. ಡೊಳ್ಳಿನ ಪದಗಳನ್ನು ಕಲೆಹಾಕಿ ಅವರು ಬರೆದ ಪುಸ್ತಕ ಸುತ್ತಲಿನ ಎಲ್ಲ ಮೇಳಗಳ ಗಂಟಿನಲ್ಲೂ ಇತ್ತು. ಸೋಮಲಿಂಗನ ಗಂಟಿನಲ್ಲಿ ಎಲ್ಲಕ್ಕಿಂತ ಮೇಲೆ ಇದ್ದುದೂ ಅದೇ.

"ಸಾವಂತ್ರವ್ವಾರ, ಸಿನೆಮಾ ಆಧಾರ ಆಗಂಗಿಲ್ಲ. ಡೊಳ್ಳ ಇಳಸ್ರಿ," ಎಂದರು.

"ಇಳಸೂದಿಲ್ಲ ಮಾಸ್ತರ."

ದನಿ ಏರಿಸದೆ ಹೇಳಿದ್ದಳು. ಹಾಗಾಗಿ ಹಿಂದೆ ಕೂತವರಿಗೆ ಕೇಳಿಸದೆ, ಏನಂದಳು ಏನಂದಳು ಎಂದು ಮುಂದಿನವರನ್ನು ತಿವಿದರು. ಸೊಸೆ ಲಲಿತಾ ಪಕ್ಕದಿಂದ, "ಬಿಡ್ರಿ ಅತ್ತಿ, ಭಾರಾಗತೈತಿ," ಎಂದು ಡೊಳ್ಳಿಗೆ ಕೈಹಚ್ಚಲು ಬಂದಳು. ಮುದುಕಿ ಆ ಕೈ ಸರಿಸಿದಳು.

"ನಲವತ್ತ ವರ್ಷದ ಹಿಂದ ನೀವು ಟೇಪ್‌ರೆಕಾರ್ಡರ ಹೊತಗೊಂಡು ನಮ್ಮ ಕುರಿಹಟ್ಟಿಗೆ ಬಂದಿದ್ರಿ. ಹೌದೋ ಅಲ್ಲೋ?"

"ಹೌದು."

"ಮೂರು ದಿನಾ ಊಟಾ ಸೇರವಲ್ದಾಗಿತ್ತು ನಿಮಗ. ಯಾಕ ಅಂತ ನಮ್ಮ ಮನೆಯವರು ಕೇಳಿದ್ರ ಕಣ್ಣೀರ ತಗದ್ರಿ. ಕುರಿ ಕಾಯೋರ ಪದಾ ಬರದು ನೀ ಪಂಡಿತ ಆಗಾಂವೇನು ಅಂತ ನಿಮ್ಮ ದೊಡ್ಡವರು ನಕ್ಕಿದ್ರಂತ. ಅವರ್ಯಾರೂ ಒಂದ್ ಪದಾ ಪೂರಾ ಕೇಳಿರಲಿಲ್ಲ."

ಅಂದಪ್ಪನವರು ಕನ್ನಡಕ ತೆಗೆದರು.

"ಆ ಗಂಟಿನ ಮ್ಯಾಲಿನ ಪುಸ್ತಕದಾಗ ತೊಟ್ಟಿಲ ಪದಾ ಐತೆಲ್ಲ, ಅದು ನಮ್ಮ ಮನೆಯವರಿಗೆ ನಡುವ ಮರತಿತ್ತು. ನಾ ಒಲಿ ಮುಂದ ರೊಟ್ಟಿ ಬಡಕೋತ ಹಾಡಿದ್ನಿ. ನೀವು ಬರಕೊಂಡ್ರಿ. ಅವತ್ತ ನನಗ ಆಧಾರ ಕೇಳಿದ್ರೇನು?"

ತಗಡಿನ ಮೇಲೆ ಕಾಗೆಯೊಂದು ನಡೆದಾಡುವುದು ಕೇಳಿಸುತ್ತಿತ್ತು.

"ಕೇಳಿರಲಿಲ್ಲ," ಎಂದರು ಮಾಸ್ತರರು.

"ನನ್ನ ಬಾಯಿ ಆಗ ಆಧಾರ ಆಗಿತ್ತು. ಈಗ್ಯಾಕ ಆಗವಲ್ದು? ನಾ ಹಾಡಿದ್ದು ಬರೇ ಸವಾಲಿನ ನುಡಿ. ಕತಿ ಪೂರಾ ಕೇಳ್ರಿ."

"ಕೇಳಿದ ಮ್ಯಾಲೂ ಅಲ್ಲ ಅಂದ್ರ ಇಳಸ್ತೀರೇನು?"

"ಅವಾಗೂ ಇಳಸೂದಿಲ್ಲ. ಆದ್ರ ನಿಮಗ ಪೂರಾ ಕೇಳಿ ಅಲ್ಲ ಅಂದ ಸಮಾಧಾನ ಇರತೈತಿ."

ಯಾರ ಒಪ್ಪಿಗೆಗೂ ಕಾಯದೆ ಆಕೆ ಡೊಳ್ಳಿಗೆ ಪೆಟ್ಟು ಹಾಕಿದಳು. ಹೆಣ್ಣುಮಕ್ಕಳು ಸೊಲ್ಲು ಹಿಡಿದರು. ಕ್ರೇನಿನವನು ಬಂದ, ನಕ್ಷತ್ರ ಬಂತು, ಆಣೆಕಟ್ಟು ಒಡೆಯಿತು. ಊರು ಮುಳುಗುವ ಜಾಗಕ್ಕೆ ಬಂದಾಗ, ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಬಂದಿದ್ದ ಮುದುಕರಿಬ್ಬರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. ಮೊದಲು ಮೊಬೈಲು ಎತ್ತಿ ನಗುತ್ತ ಚಿತ್ರ ಹಿಡಿಯುತ್ತಿದ್ದವರು ಚಿತ್ರ ಹಿಡಿಯುವುದನ್ನು ಮರೆತರು. ಕೊನೆಗೆ ಕತೆ ತೊಟ್ಟಿಲ ಮುಂದೆ ಬಂದು ನಿಂತಾಗ ಸಾವಂತ್ರವ್ವನ ದನಿ ಒಡೆಯಿತು. ಒಡೆದ ದನಿಯಲ್ಲೇ ಸವಾಲನ್ನು ಇನ್ನೊಮ್ಮೆ ಹಾಕಿ ನಿಲ್ಲಿಸಿದಳು. ಡೊಳ್ಳು ಹೆಗಲ ಮೇಲೇ ಇತ್ತು.

ಅಂದಪ್ಪನವರು ಸವಾಲುಗಳನ್ನು ಬರೆದಿಡುವ ವಹಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಪೆನ್ನಿನ ಟೊಪ್ಪಿಗೆ ತೆಗೆದು, ಅಜ್ಜಿಯ ಮೇಳದ ಹಿಂದೆ ಕೂತಿದ್ದ ರಾಜಶ್ರೀಯತ್ತ ತಿರುಗಿದರು.

"ಸಿನೆಮಾದ ಹೆಸರೇನು ತಂಗಿ?"

ಆಕೆ ಎದ್ದು ನಿಂತು ಹೇಳಿದಳು. ಅವರು ಇನ್ನೊಮ್ಮೆ ಹೇಳಿಸಿಕೊಂಡು, ಆಧಾರ ಎಂದಿದ್ದ ಕಡೆ ನಿಧಾನವಾಗಿ ಬರೆದರು.

"ಏನ್ರಿ ಸರ್, ಇದು ನಡೀತೈತೇನ್ರಿ?" ಎಂದ ಸೋಮಲಿಂಗ.

"ಸವಾಲ ನಿಂತೈತಿ ಸೋಮಲಿಂಗ. ಉತ್ತರಾ ಹೇಳು. ಇಲ್ಲಾಂದ್ರ ಸೋತೆ ಅನ್ನು."

ಸೋಮಲಿಂಗ ಪುಸ್ತಕಗಳತ್ತ ಬಗ್ಗಿದ. ಬಗ್ಗಿದವನು ಅವನ್ನು ಮುಟ್ಟದೆ ಹಾಗೇ ನೆಟ್ಟಗಾದ. ಇಳಕಲ್ಲಿನಲ್ಲಿ ಅವನು ಕಲ್ಲು ಪಾಲೀಶು ಮಾಡುವ ಕೆಲಸದಲ್ಲಿದ್ದ. ತನ್ನ ಅಂಗೈಗಳನ್ನು ಒಂದಕ್ಕೊಂದು ಉಜ್ಜಿದ. ಸವೆದ ಚರ್ಮದ ಒಣ ಸಪ್ಪಳ ಮುಂದಿನ ಸಾಲಿನ ತನಕ ಕೇಳಿಸಿತು. ಸಾವಂತ್ರವ್ವನನ್ನು ನೋಡಿದ. ಆಮೇಲೆ ಕಣ್ಣು ಮುಚ್ಚಿ, ಯಾವ ಧಾಟಿಗೂ ಸೇರದ ಸಣ್ಣ ದನಿಯಲ್ಲಿ, ಕಲ್ಲು ಉಜ್ಜಿದ ಕೈ, ಕೂಸಿನ ಮೈ ಎಂದು ತನ್ನದೇ ಒಂದು ನುಡಿ ಎತ್ತಿಕೊಂಡ.

ಅವನ ಮೇಳದವರಿಗೆ ಆ ಪದ ಗೊತ್ತಿರಲಿಲ್ಲ. ಕೋಲು ಎತ್ತಿ ಹಿಡಿದು, ಪೆಟ್ಟು ಎಲ್ಲಿ ಬೀಳಬೇಕೆಂದು ಅವನ ಬಾಯಿಯನ್ನೇ ನೋಡುತ್ತ ನಿಂತರು.